ಕ್ರೈಸ್ತ ಶಿಶುವಿಹಾರದಲ್ಲಿ ಮಗು ಕಲಿಯುವುದೇನು?

ಚರ್ಚ್‌ಗಳು ನಡೆಸುವ ಶಿಶುವಿಹಾರಗಳಲ್ಲಿ ಮಕ್ಕಳು ಏನು ಕಲಿಯುತ್ತಾರೆ ಎಂದು ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರಗಳು ಸಿಗುತ್ತವೆ. ಸೀಟಿಗಾಗಿ ಅರ್ಜಿ ಹಾಕುವ ಪೋಷಕರು ‘ಇಂಗ್ಲಿಷ್ ಮತ್ತು ಶಿಸ್ತು’ ಎನ್ನುತ್ತಾರೆ. ಅನುಮಾನದಿಂದ ನೋಡುವವರು ‘ಅವರ ಧರ್ಮ’ ಎನ್ನುತ್ತಾರೆ. ಎರಡೂ ಹೊರಗೆ ನಿಂತು ಕೊಟ್ಟ ಉತ್ತರಗಳು. ಮೂರು-ನಾಲ್ಕು ವರ್ಷದ ಮಗು ದಿನವೂ ಮರಳಿ ಬರುವ ನಡವಳಿಕೆಯಿಂದ ಕಲಿಯುತ್ತದೆ. ಆ ಕಲಿಕೆ ಎಷ್ಟು ದೂರ ಹೋಗುತ್ತದೆ ಎಂಬುದು ಅದರ ಪ್ರಶ್ನೆಗೆ ಶಿಕ್ಷಕಿ ಏನು ಹೇಳುತ್ತಾರೆ ಎನ್ನುವುದರ ಮೇಲೆ ನಿಂತಿದೆ ಎಂಬುದು ನನ್ನ ಅಭಿಪ್ರಾಯ.

ಶಿಶುಶಿಕ್ಷಣಕ್ಕೂ ಕ್ರೈಸ್ತ ಪರಂಪರೆಗೂ ಹಳೆಯ ನಂಟಿದೆ. 1837ರಲ್ಲಿ ಜರ್ಮನಿಯ ಬಾಡ್ ಬ್ಲಾಂಕೆನ್‌ಬುರ್ಗ್‌ನಲ್ಲಿ ಪುಟ್ಟ ಮಕ್ಕಳಿಗಾಗಿ ಸಂಸ್ಥೆ ಆರಂಭಿಸಿ, 1840ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’ ಎಂದು ಹೆಸರಿಟ್ಟ ಫ್ರೋಬೆಲ್ ಒಬ್ಬ ಪಾದ್ರಿಯ ಮಗ. ನಮ್ಮ ಕರಾವಳಿಗೆ ಬಾಸೆಲ್ ಮಿಶನ್ ಬಂದದ್ದು 1834ರಲ್ಲಿ. ಇಂದಿಗೂ ಇಲ್ಲಿನ ಚರ್ಚ್ ಶಾಲೆಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಮನೆಮಾತಿನ ಮಕ್ಕಳು ಜೊತೆಯಾಗಿ ಕೂರುತ್ತಾರೆ. ಬೋಧನಾಭ್ಯಾಸಕ್ಕೆ ನಾನು ಹೋದ ಪ್ರೌಢಶಾಲೆಯ ಆವರಣದಲ್ಲೇ ಇಂಥ ಒಂದು ಕ್ಯಾಥೊಲಿಕ್ ಶಿಶುವಿಹಾರವಿತ್ತು. ಬಿಡುವಿನ ಅವಧಿಗಳಲ್ಲಿ ಅಲ್ಲಿ ಕುಳಿತು ಮಾಡಿಕೊಂಡ ಟಿಪ್ಪಣಿಗಳು ಈ ಬರಹಕ್ಕೆ ಆಧಾರ.

ಮೊದಲಿಗೆ ಊಟದ ಮುಂಚಿನ ಪ್ರಾರ್ಥನೆ. ಎಲ್ಲರ ಟಿಫಿನ್ ಡಬ್ಬಿಯೂ ಮೇಜಿನ ಮೇಲೆ ಬರುವವರೆಗೆ ಯಾರೂ ಮುಚ್ಚಳ ತೆರೆಯುವಂತಿಲ್ಲ. ಹಸಿದ ಮಗು ಮುಚ್ಚಳದ ಮೇಲೆ ಕೈಯಿಟ್ಟು, ಪಕ್ಕದವಳು ಚೀಲದ ಜಿಪ್ ಬಿಡಿಸಲು ಒದ್ದಾಡುವುದನ್ನು ನೋಡುತ್ತಾ ಕಾಯುತ್ತದೆ. ಕೆಲವೊಮ್ಮೆ ತಾನೇ ಹೋಗಿ ಬಿಡಿಸಿಕೊಡುತ್ತದೆ. ಪ್ರಾರ್ಥನೆ ಇಂಗ್ಲಿಷಿನಲ್ಲಿದ್ದು ಅರ್ಧದಷ್ಟು ಮಕ್ಕಳಿಗೆ ಅದರ ಅರ್ಥ ಗೊತ್ತಿಲ್ಲ. ಆದರೆ ಕಾಯುವುದು, ಇನ್ನೊಬ್ಬರಿಗೂ ಹಸಿವಿದೆ ಎಂದು ತಿಳಿಯುವುದು ಅವರಿಗೆ ಚೆನ್ನಾಗಿ ಅರ್ಥವಾಗಿದೆ. ನಾವು ಮನೋವಿಜ್ಞಾನದ ಉತ್ತರಪತ್ರಿಕೆಯಲ್ಲಿ ‘ಸ್ವನಿಯಂತ್ರಣ’ ಎಂದು ಬರೆಯುವುದು ಇದನ್ನೇ. 3ರಿಂದ 8 ವರ್ಷದ ಮಕ್ಕಳಿಗಾಗಿ 2022ರಲ್ಲಿ ಬಂದ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಅಕ್ಷರ, ಅಂಕಿಗಳ ಜೊತೆಗೆ ಸಾಮಾಜಿಕ, ಭಾವನಾತ್ಮಕ ಬೆಳವಣಿಗೆಯನ್ನು ಕಲಿಕೆಯೆಂದೇ ಎಣಿಸುತ್ತದೆ.

ಎರಡನೆಯದು ಕಥೆ. ತಪ್ಪಿಹೋದ ಕುರಿಯ ಕಥೆ ಅಲ್ಲಿ ಮತ್ತೆ ಮತ್ತೆ ಬರುತ್ತದೆ. 100 ಕುರಿಗಳಲ್ಲಿ ಒಂದು ಕಾಣೆಯಾದಾಗ ಕುರುಬ 99ನ್ನು ಬಿಟ್ಟು ಅದನ್ನು ಹುಡುಕಿ ಹೋಗುತ್ತಾನೆ. ಒಂದು ದಿನ ಒಬ್ಬ ಹುಡುಗ, “ಟೀಚರ್, ಉಳಿದ ಕುರಿಗಳ ಹತ್ತಿರ ಯಾರಿದ್ದರು?” ಎಂದು ಕೇಳಿದ. ಟೀಚರ್ ಕಥೆ ನಿಲ್ಲಿಸಿ, “ನೀನಾದರೆ ಏನು ಮಾಡುತ್ತಿದ್ದಿ?” ಎಂದರು. ಒಬ್ಬಳು ನಾಯಿಯನ್ನು ಕಾವಲಿಗೆ ಬಿಟ್ಟಳು, ಇನ್ನೊಬ್ಬ ಗೇಟು ಹಾಕಿದ, ಮತ್ತೊಬ್ಬ ಎಲ್ಲ ಕುರಿಗಳನ್ನೂ ಕರೆದುಕೊಂಡೇ ಹೊರಟ. ಆ ಐದು ನಿಮಿಷದಲ್ಲಿ ಅಲ್ಲಿ ಸಮಸ್ಯಾ ಪರಿಹಾರದ ಪಾಠವೊಂದು ನಡೆದುಹೋಯಿತು.

ಮೂರನೆಯದು ಹಬ್ಬ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬಾಲಮೇರಿಗೆ ಹೂ ತರುತ್ತಾರೆ. ದಾಸವಾಳ, ಗೋರಂಟೆ, ಶಂಖಪುಷ್ಪ, ಯಾರ ಹಿತ್ತಲಲ್ಲಿ ಏನಿದೆಯೋ ಅದು. ಬುಟ್ಟಿಗೆ ಹಾಕುವ ಮೊದಲು ಬಣ್ಣ ನೋಡಿ ಬೇರ್ಪಡಿಸಿದರೆ ಅದು ವರ್ಗೀಕರಣದ ಮೊದಲ ಪಾಠ. ದಳ ಎಣಿಸಿದರೆ ಗಣಿತ. ಹಬ್ಬದ ದಿನ ಆಶೀರ್ವದಿಸಿದ ಹೊಸ ತೆನೆ ಮನೆಗೆ ಹೋಗುತ್ತದೆ. ತೆನೆ ಕಟ್ಟಿ ಹೊಸ ಅಕ್ಕಿ ಊಟ ಮಾಡುವ ಪದ್ಧತಿ ಇಲ್ಲಿನ ಹಿಂದೂ ಮನೆಗಳಲ್ಲೂ ಇರುವುದರಿಂದ ‘ನಮ್ಮಲ್ಲಿಯೂ ಉಂಟು’ ಎಂದು ಹೇಳಲು ಆ ಮಕ್ಕಳಿಗೆ ಏನಾದರೂ ಇರುತ್ತದೆ. ಹಾಗೆ ಹೇಳಲು ಬಿಡುವ ತರಗತಿ ಎಲ್ಲರದ್ದಾಗುತ್ತದೆ.

ಇಷ್ಟು ಒಳ್ಳೆಯದರ ನಡುವೆ ನನ್ನ ಆತಂಕ ಎರಡು. ವಿಜ್ಞಾನದ ವಿದ್ಯಾರ್ಥಿಯಾಗಿ ಮೊದಲನೆಯದು ನನಗೆ ದೊಡ್ಡದು. “ಮಳೆ ಎಲ್ಲಿಂದ ಬರುವುದು?” ಎಂದು ಮಗು ಕೇಳುತ್ತದೆ. “ದೇವರು ಕೊಡುವುದು” ಎಂದು ಹೇಳಿ ಟೀಚರ್ ಮುಂದಿನ ಪುಟ ತಿರುಗಿಸಿದರೆ ಪ್ರಶ್ನೆ ಅಲ್ಲಿಗೇ ಸಾಯುತ್ತದೆ. “ದೇವರು ಕೊಡುವುದು. ಹೇಗೆ ಕೊಡುತ್ತಾನೆ ನೋಡುವಾ” ಎಂದು ಬಿಸಿ ಗಂಜಿಯ ಪಾತ್ರೆಯ ಮುಚ್ಚಳ ಎತ್ತಿ, ಅಡಿಯಲ್ಲಿ ಕೂತ ನೀರಹನಿ ತೋರಿಸಿದರೆ ನಂಬಿಕೆಗೂ ಧಕ್ಕೆಯಿಲ್ಲ, ಪ್ರಶ್ನೆಯೂ ಉಳಿಯಿತು. ನಾಲ್ಕನೆಯ ವರ್ಷದಲ್ಲಿ ಪ್ರಶ್ನೆ ಕೇಳಿ ಸುಮ್ಮನಾದ ಮಗುವೇ ಹತ್ತು ವರ್ಷಗಳ ಬಳಿಕ ಎಂಟು, ಒಂಬತ್ತನೆಯ ತರಗತಿಯಲ್ಲಿ ನಮ್ಮೆದುರು ತುಟಿ ಬಿಚ್ಚದೆ ಕೂತಿರುತ್ತದೆ.

ಎರಡನೆಯದು ಭಯ. ‘ಯೇಸು ನೋಡುತ್ತಿದ್ದಾನೆ’ ಎಂಬ ಮಾತು ಒಬ್ಬರ ಬಾಯಲ್ಲಿ ಸಮಾಧಾನ, ಇನ್ನೊಬ್ಬರ ಬಾಯಲ್ಲಿ ಬೆತ್ತ. ಗದ್ದಲ ಅಡಗಿಸಲು ದೇವರನ್ನು ಬಳಸಿದರೆ ಮಗು ಕಲಿಯುವುದು ಹೆದರಿಕೆಯನ್ನು ಮಾತ್ರ. ಯೇಸುವಿನ ಬದಲು ಸರಸ್ವತಿಯ ಹೆಸರು ಹೇಳಿದರೂ, ಅಲ್ಲಾಹನ ಹೆಸರು ಹೇಳಿದರೂ ಈ ಮಾತಿನಲ್ಲಿ ವ್ಯತ್ಯಾಸವಾಗದು.

ಅನ್ಯಧರ್ಮದ ಮಕ್ಕಳು ಪ್ರಾರ್ಥನೆಯಲ್ಲಿ ಸೇರಬೇಕೇ ಎಂಬ ಪ್ರಶ್ನೆಗೆ ಸಂವಿಧಾನವೇ ದಾರಿ ತೋರಿಸಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಅಪ್ರಾಪ್ತ ಮಗು ಧಾರ್ಮಿಕ ಬೋಧನೆಯಲ್ಲೋ ಆರಾಧನೆಯಲ್ಲೋ ಭಾಗವಹಿಸಬೇಕಾದರೆ ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ 28(3)ನೇ ವಿಧಿ. ಪ್ರವೇಶ ಅರ್ಜಿಯಲ್ಲಿ ಒಂದು ಸಾಲು ಸೇರಿಸಿ, ಪೋಷಕರ ಮೊದಲ ಸಭೆಯಲ್ಲೇ ಬಾಯಿಬಿಟ್ಟು ಹೇಳಿದರೆ ಅನುಮಾನದ ಅರ್ಧಭಾಗ ಅಲ್ಲಿಗೇ ಮುಗಿಯುತ್ತದೆ. ಒಪ್ಪದವರ ಮಗು ಆ ಹೊತ್ತಿನಲ್ಲಿ ಸುಮ್ಮನೆ ಕುಳಿತಿರಲಿ. ಡಬ್ಬಿ ತೆರೆಯಲು ಎಲ್ಲರ ಜೊತೆ ಕಾಯುವ ಪಾಠ ಅದಕ್ಕೂ ಸಿಗುತ್ತದೆ.

ಬಿ.ಎಡ್. ನಮ್ಮನ್ನು ಪ್ರೌಢಶಾಲೆಗೆ ಸಿದ್ಧಗೊಳಿಸುತ್ತದೆ, ಶಿಶುವಿಹಾರ ನಮ್ಮ ಕೆಲಸವಲ್ಲ ಎಂದು ಸಹಪಾಠಿಗಳು ಹೇಳಬಹುದು. ಆದರೆ ನಮ್ಮ ತರಗತಿಗೆ ಬರುವ ಮಕ್ಕಳ ಕುತೂಹಲಕ್ಕೆ ನೀರು ಬಿದ್ದಿದೆಯೋ ಬಿಸಿಲು ಬಡಿದಿದೆಯೋ ತಿಳಿಯಲು ಬೇರೆ ಜಾಗವಿಲ್ಲ. ಆದ್ದರಿಂದ ಬೋಧನಾಭ್ಯಾಸದ ಅವಧಿಯಲ್ಲಿ ಒಂದು ಪೂರ್ಣ ದಿನವನ್ನು ಹತ್ತಿರದ ಶಿಶುವಿಹಾರದ ಅಥವಾ ಅಂಗನವಾಡಿಯ ವೀಕ್ಷಣೆಗೆ ಮೀಸಲಿಡಬೇಕೆಂದು ನಮ್ಮ ಉಪನ್ಯಾಸಕರಲ್ಲಿ ವಿನಂತಿಸುತ್ತೇನೆ. ವೀಕ್ಷಣಾ ದಾಖಲೆಯಲ್ಲಿ ಎರಡೇ ಕಾಲಂ ಸಾಕು: ಮಗು ಕೇಳಿದ ಪ್ರಶ್ನೆ, ಅದಕ್ಕೆ ಸಿಕ್ಕ ಉತ್ತರ.