ಗ್ರಿಡ್‌ನಾಗ ಕೂಡದ ಚೌಡಿಕೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ. ನಾಲ್ಕು ಊರಿನ ನಾವು ನಾಲ್ಕು ಮಂದಿ, ಹಾಸ್ಟೆಲ್‌ನಲ್ಲಿ ಒಂದೇ ರೂಮು. ಹೋದ ರಜೆಯಲ್ಲಿ ಎಲ್‌ಎಂಎಂಎಸ್ ಇಳಿಸಿಕೊಂಡ್ವಿ. ಮ್ಯೂಸಿಕ್ ಮಾಡುವ ಸಾಫ್ಟ್‌ವೇರ್, ಪುಕ್ಕಟೆ. ಮೊದಲ ವಾರ ರೆಡಿಮೇಡ್ ಲೂಪ್ ಜೋಡಿಸಿ "ಬೀಟ್ ಮಾಡೀವಿ" ಅಂತ ಎಲ್ಲರಿಗೂ ಕಳಿಸಿದ್ದೇ ಕಳಿಸಿದ್ದು. ಕೇಳಿದರೆ ಅದು ಯಾವ ಊರಿನ ಹಾಡೂ ಆಗಿರಲಿಲ್ಲ.

ಆಮೇಲೆ ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಚೌಡಿಕೆ ನುಡಿಸಿ ಹಾಡುವ ಜೋಗಮ್ಮ ಒಬ್ಬರ ಪದವನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದ್ವಿ. ಆಡಾಸಿಟಿಯಲ್ಲಿ ಗದ್ದಲ ತೆಗೆದು ಗ್ರಿಡ್‌ಗೆ ಕೂಡಿಸಲು ಹೋದರೆ ಕೂಡಲೇ ಇಲ್ಲ. ಚೌಡಿಕೆಗೆ ಇರೋದು ಒಂದೇ ತಂತಿ. ಅದನ್ನು ಬಿಗಿ ಮಾಡಿ, ಸಡಿಲಿಸಿ ಸ್ವರ ಜಾರಿಸುತ್ತಾರೆ. ಪಿಯಾನೋ ರೋಲ್‌ನ 12 ಸ್ವರಗಳ ನಡುವಿನ ಸಂದಿಯಲ್ಲೇ ಅದರ ಓಡಾಟ. ಲಯವೂ ಹಾಡುತ್ತಾ ಹಾಡುತ್ತಾ ಏರುತ್ತದೆ. ಕ್ವಾಂಟೈಸ್ ಒತ್ತಿದ್ವಿ, ತಾಳ ಸರಿಹೋಯ್ತು, ಹಾಡು ಸತ್ತಿತು.

ಅದಕ್ಕೇ ಹೊಸದಾಗಿ ಕಲಿಯುವವರಿಗೆ ನಮ್ಮ ಮಾತು ಇಷ್ಟೇ. ಲೂಪ್‌ನಿಂದ ಬಟನ್ ಗುರುತಾಗುತ್ತವೆ, ಕಿವಿ ಪಳಗೋದಿಲ್ಲ. ನಿಮ್ಮೂರಿನ ಒಂದು ದನಿ ರೆಕಾರ್ಡ್ ಮಾಡಿ, ಸ್ನ್ಯಾಪ್ ಆಫ್ ಮಾಡಿ, ಕಿವಿ ನಂಬಿ ಕತ್ತರಿಸಿ. ಮೆಟ್ರೋನೋಮ್ ಆಮೇಲೆ ಬರಲಿ.

ಇನ್ನೊಂದು ಮಾತು. ನಮ್ಮ ಟ್ರ್ಯಾಕ್ ಮೇಲೆ ನಮ್ಮ ನಾಲ್ವರ ಹೆಸರಷ್ಟೇ ಹಾಕಿದ್ವಿ. ಜೋಗಮ್ಮನವರಿಗೆ ಕೇಳಿಸಿದಾಗ, "ದನಿ ನಂದು, ಹೆಸರು ನಿಮ್ದೇನೋ ತಮ್ಮಾ?" ಅಂತ ನಕ್ಕರು. ನಮಗೆ ನಗೋಕಾಗಲಿಲ್ಲ. ಅವತ್ತೇ ಅವರನ್ನು ಕೇಳಿ ಹೆಸರು ಸೇರಿಸಿದ್ವಿ, ಎಲ್ಲಕ್ಕಿಂತ ಮೊದಲಿಗೆ. ನೀವು ರೆಕಾರ್ಡ್ ಬಟನ್ ಒತ್ತುವ ಮುಂಚೆನೇ ಕೇಳಿ.