₹30 ಲಕ್ಷದ ನಾಸಿಕ್ ಆಲ್‌ರೌಂಡರ್‌ನನ್ನು ಚೆನ್ನೈ ಬಿಟ್ಟುಕೊಡಲಿಲ್ಲ ಏಕೆ?

2024ರ ನವೆಂಬರ್‌ನಲ್ಲಿ ಜಿದ್ದಾದಲ್ಲಿ ನಡೆದ ಐಪಿಎಲ್ ಮೆಗಾ ಹರಾಜಿನಲ್ಲಿ ರಿಷಭ್ ಪಂತ್ ₹27 ಕೋಟಿಗೆ ಬಿಕರಿಯಾದರು. ಅದೇ ಹರಾಜಿನಲ್ಲಿ ನಾಸಿಕ್‌ನ ರಾಮಕೃಷ್ಣ ಘೋಷ್ ಚೆನ್ನೈ ಸೂಪರ್ ಕಿಂಗ್ಸ್ ಪಾಲಾಗಿದ್ದು ಮೂಲಬೆಲೆ ₹30 ಲಕ್ಷಕ್ಕೆ. 2025ರಲ್ಲಿ ತಂಡ ಕೊನೆಯ ಸ್ಥಾನಕ್ಕೆ ಕುಸಿದರೂ ಅವರಿಗೆ ಒಂದೂ ಪಂದ್ಯ ಸಿಗಲಿಲ್ಲ. ಆದರೆ 2026ರ ಮಿನಿ ಹರಾಜಿಗೆ ಮುನ್ನ ದೀಪಕ್ ಹೂಡಾ, ವಿಜಯ್ ಶಂಕರ್ ಅವರನ್ನು ಕೈಬಿಟ್ಟ ಚೆನ್ನೈ, ಘೋಷ್ ಅವರನ್ನು ಉಳಿಸಿಕೊಂಡಿತು.

ವೇಗದ ಬೌಲಿಂಗ್ ಜೊತೆ ಬ್ಯಾಟ್ ಬೀಸಬಲ್ಲ ಭಾರತೀಯರು ವಿರಳ. ಈ ಬೆಲೆಗಂತೂ ಸಿಗುವುದು ಕಷ್ಟ. ಮೇಲಾಗಿ ನಾಯಕ ಋತುರಾಜ್ ಗಾಯಕ್‌ವಾಡ್ ಕೂಡ ಮಹಾರಾಷ್ಟ್ರ ತಂಡದವರೇ. ಮುಂಬೈನಷ್ಟು ಕಣ್ಣಿಗೆ ಬೀಳದ ನಾಸಿಕ್, ಛತ್ರಪತಿ ಸಂಭಾಜಿನಗರದ ಆಟಗಾರರಿಗೆ ಇಂಥ ಪರಿಚಯ ದೊಡ್ಡ ಬಲ. ಆದರೆ ಘೋಷ್ ಹುಟ್ಟಿದ್ದು 1997ರಲ್ಲಿ. 20ರ ಹುಡುಗನಿಗೆ ಕಾದಷ್ಟು ಕಾಲ ತಂಡ ಅವರಿಗಾಗಿ ಕಾಯುವುದು ಅನುಮಾನ.