ತೆಂಗಿನಕಾಯಿ ತೇಲುತ್ತೆ, ಹುಣಸೆಬೀಜ ಮುಳುಗುತ್ತೆ

ದಾಖಲಾತಿ ಶುರುವಾಯಿತೆಂದರೆ ನರ್ಸರಿಗಳ ಬೋರ್ಡುಗಳ ಮೇಲೆ ಈಗ ‘ಸ್ಟೀಮ್’ ಎಂಬ ಹೊಸ ಮಾತು ಮೆರೆಯುತ್ತದೆ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಕಲೆ, ಗಣಿತ ಐದನ್ನೂ ಮೂರು ವರ್ಷದ ಮಗುವಿಗೆ ಕಲಿಸುತ್ತಾರಂತೆ. ಜೊತೆಗೊಂದು ಕಿಟ್, ಅದಕ್ಕೆ ಬೇರೆ ಶುಲ್ಕ. ನಕ್ಕು ಸುಮ್ಮನಾಗಬಹುದು. ಆದರೆ ಯೋಚನೆ ಹೊಸದೂ ಅಲ್ಲ, ಕೆಟ್ಟದ್ದೂ ಅಲ್ಲ.

ಕಿಂಡರ್‌ಗಾರ್ಟನ್ ಕಟ್ಟಿದ ಜರ್ಮನಿಯ ಫ್ರೀಡ್ರಿಕ್ ಫ್ರೋಬೆಲ್ ಅದಕ್ಕೂ ಮೊದಲು ಬರ್ಲಿನ್ನಿನ ಖನಿಜ ಸಂಗ್ರಹಾಲಯದಲ್ಲಿ ಹರಳುಗಳ ನಡುವೆ ಕೆಲಸ ಮಾಡಿದವನು. 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್‌ನಲ್ಲಿ ಎಳೆಯರ ಕೆಲಸಕ್ಕೆ ಕೈಹಾಕಿದಾಗ ಅವನು ರೂಪಿಸಿದ ಆಟಿಕೆಗಳಲ್ಲಿ ಆ ಹರಳುಗಳ ಜ್ಯಾಮಿತಿಯೇ ಇತ್ತು: ಉಣ್ಣೆಯ ಚೆಂಡು, ಮರದ ಗೋಳ, ಸಿಲಿಂಡರ್, ಘನ, ಆಮೇಲೆ ಎಂಟು ತುಂಡಾಗಿ ಬಿಡಿಸಬಹುದಾದ ಘನ. ಅದೇ ಎಂಟು ತುಂಡುಗಳಲ್ಲಿ ಮಗು ಕುರ್ಚಿ ಕಟ್ಟುತ್ತದೆ, ಅರ್ಧ-ಕಾಲು ಮಾಡುತ್ತದೆ, ಹೂವಿನ ವಿನ್ಯಾಸ ಹರಡುತ್ತದೆ. ಎಂಜಿನಿಯರಿಂಗ್, ಗಣಿತ, ಕಲೆ ಬೇರೆಬೇರೆ ಪೀರಿಯಡ್ಡುಗಳಾಗಿರಲಿಲ್ಲ. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಈ ಆಟಿಕೆಗಳ ಋಣವನ್ನು ಮುಪ್ಪಿನವರೆಗೂ ನೆನೆದ. ಪ್ರಶ್ಯದ ಸರ್ಕಾರ ಮಾತ್ರ 1851ರಲ್ಲಿ ಕಿಂಡರ್‌ಗಾರ್ಟನ್‌ಗಳನ್ನೇ ನಿಷೇಧಿಸಿತು. ಮಕ್ಕಳಾಟಕ್ಕೂ ಹೆದರುವ ಸರ್ಕಾರಗಳಿರುತ್ತವೆ!

ಕಿಟ್ ಇಲ್ಲದೆಯೂ ಇದು ನಡೆಯುತ್ತದೆ. ಒಂದು ಟಬ್ಬಿನಲ್ಲಿ ನೀರು ತುಂಬಿಸಿ ಹುಣಸೆಬೀಜ, ಕಲ್ಲು, ಎಲೆ, ಸಿಪ್ಪೆ ಸುಲಿಯದ ತೆಂಗಿನಕಾಯಿ ಮುಂದಿಡಿ. ಭಾರದ್ದು ಮುಳುಗುತ್ತೆ ಎಂದು ನಾಲ್ಕು ವರ್ಷದ ಪೋರಿ ಖಂಡಿತವಾಗಿ ಹೇಳುತ್ತಾಳೆ. ಕಲ್ಲು ಮುಳುಗಿ ಅವಳ ಮಾತನ್ನು ಎತ್ತಿಹಿಡಿಯುತ್ತದೆ. ಆಮೇಲೆ ಅಷ್ಟು ದಪ್ಪದ ಕಾಯಿ ತೇಲುತ್ತದೆ, ಚಿಟಿಕೆಯಷ್ಟು ಹುಣಸೆಬೀಜ ತಳ ಸೇರುತ್ತದೆ. ಅವಳ ಹುಬ್ಬು ಗಂಟಿಕ್ಕುವ ಆ ಗಳಿಗೆಯಲ್ಲಿ ಟೀಚರ್ ‘ಸಾಂದ್ರತೆ’ ಎಂದು ಬಾಯಿಬಿಟ್ಟರೆ ಪಾಠ ಮುಗಿದ ಹಾಗೆ. “ಹೌದಲ್ಲ, ಯಾಕಿರಬಹುದು? ಇನ್ನೇನು ಹಾಕಿ ನೋಡೋಣ?” ಎಂದು ಕೇಳಿ ಕಾಯಬೇಕು. ಕಾಯುವುದೇ ಕಷ್ಟದ ಕೆಲಸ. ಅದಕ್ಕೆ ಬಿಡುವು ಬೇಕು.

ಆ ಬಿಡುವು ನಮ್ಮಲ್ಲಿ ಯಾರಿಗಿದೆ? ಕರ್ನಾಟಕದಲ್ಲಿ ಅಂಗನವಾಡಿ ಯೋಜನೆ 1975ರಲ್ಲಿ ತಿ. ನರಸೀಪುರದಿಂದ ಶುರುವಾಯಿತು. ಶಾಲಾಪೂರ್ವ ಶಿಕ್ಷಣ ಅದರ ಆರು ಸೇವೆಗಳಲ್ಲಿ ಒಂದು. ಉಳಿದವು ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆಯಂಥವು. ಅಂಗನವಾಡಿ ಟೀಚರ್ ತೂಕ ನೋಡಬೇಕು, ರಿಜಿಸ್ಟರ್ ಬರೆಯಬೇಕು, ಮೊಬೈಲಿನ ಪೋಷಣ್ ಟ್ರ್ಯಾಕರ್‌ನಲ್ಲಿ ವಿವರ ತುಂಬಬೇಕು, ಸಮೀಕ್ಷೆ ಬಂದರೆ ಮನೆಮನೆ ಅಲೆಯಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮೂರರಿಂದ ಎಂಟರ ವಯಸ್ಸನ್ನು ಬುನಾದಿಯ ಹಂತವೆಂದಿತು. ಬುನಾದಿ ಹಾಕುವವರಿಗೆ ಮಗುವಿನ ಪಕ್ಕ ಕೂರಲು ಪುರುಸೊತ್ತಿಲ್ಲದಿದ್ದರೆ ಎಂಥ ಪೆಟ್ಟಿಗೆ ಕಳಿಸಿದರೂ ಅದು ಬೀರುವಿನ ಮೇಲೇ ಉಳಿಯುತ್ತದೆ.

ಹಾಗಾಗಿ ಓದುಗರಲ್ಲೊಂದು ಕೋರಿಕೆ. ನರ್ಸರಿಯಲ್ಲಿ ಫಾರ್ಮ್ ತುಂಬುವಾಗ ಕಿಟ್‌ನಲ್ಲಿ ಏನೇನಿದೆ ಎಂದು ಕೇಳಬೇಡಿ. ಒಬ್ಬ ಟೀಚರ್‌ಗೆ ಎಷ್ಟು ಮಕ್ಕಳು ಎಂದು ಕೇಳಿ. ಗ್ರಾಮಸಭೆಯಲ್ಲಿ ಅಂಗನವಾಡಿಯ ಮಾತು ಬಂದಾಗ ಗೋಡೆಯ ಬಣ್ಣದ ಜೊತೆಗೆ ಟೀಚರ್ ಮೇಲಿರುವ ಹೆಚ್ಚುವರಿ ಕೆಲಸದ ಲೆಕ್ಕವನ್ನೂ ಎತ್ತಿ.